ಅರ್ಧ ಎತ್ತಿದ ಕೈ

ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ನಿದ್ದೆ ಬಿಟ್ಟು ಸೆಮಿನಾರಿಗೆ ಹೋಗಿದ್ದೆ. ವೈಟ್‌ಫೀಲ್ಡ್ ಕಡೆಯ ದೊಡ್ಡ ಹೋಟೆಲ್ಲು, ವಿಷಯ ಎಐ ಮತ್ತು ಸಮಾಜ. ಕೊರಳಿಗೆ ಟ್ಯಾಗು, ಕೈಗೊಂದು ಬಟ್ಟೆ ಚೀಲ, ಅದರೊಳಗೆ ಪೆನ್ನು, ನೀರಿನ ಬಾಟಲಿ. ನೀವೂ ಇಂಥದ್ದಕ್ಕೆ ಹೋಗಿರ್ತೀರಿ ಬಿಡಿ. ವೇದಿಕೆ ಮೇಲೆ ಆರು ಜನ, ಕೆಳಗೆ ಮುನ್ನೂರು ಜನ. ಆರೂ ಜನ ಎಐ ಜವಾಬ್ದಾರಿಯಿಂದ ಇರಬೇಕು ಅಂದರು. ಕೊನೆಗೆ ಪ್ರಶ್ನೆ ಕೇಳೋಕೆ ಹತ್ತು ನಿಮಿಷ ಉಳಿಯಿತು. ಮೊದಲು ಮೈಕ್ ಹಿಡಿದವರು ತಮ್ಮ ಸ್ಟಾರ್ಟ್‌ಅಪ್ ಬಗ್ಗೆ ಹೇಳಿಕೊಂಡರು. ಎರಡನೆಯವರು ಮುಗಿಸುವಷ್ಟರಲ್ಲಿ ಊಟಕ್ಕೆ ಕರೆ ಬಂತು.

ನನ್ನ ಹತ್ತಿರವೂ ಒಂದು ಪ್ರಶ್ನೆ ಇತ್ತು. ಕೈಯನ್ನು ಅರ್ಧ ಎತ್ತಿಯೂ ಇದ್ದೆ. ಅಷ್ಟರಲ್ಲಿ ಎರಡು ಸಾಲು ಮುಂದೆ ನಮ್ಮ ಆಫೀಸಿನ ದೊಡ್ಡವರೊಬ್ಬರು ಕೂತಿರೋದು ಕಾಣಿಸಿತು. ಎತ್ತಿದ ಕೈಯಲ್ಲಿ ಕೂದಲು ಸರಿ ಮಾಡಿಕೊಂಡೆ.

ವಿಷಯ ಏನು ಅಂದರೆ, ನಮ್ಮ ಟೀಮು ಮಾಡಿರೋ ಸಾಫ್ಟ್‌ವೇರು ಕಾಲ್ ಸೆಂಟರ್ ನೌಕರರ ಮಾತು ಕೇಳಿಸಿಕೊಂಡು ಅವರಿಗೆ ಅಂಕ ಕೊಡುತ್ತೆ. ಟೆಸ್ಟಿಂಗ್ ಮಾಡುವಾಗ ಒಂದು ಗಮನಿಸಿದೆ. ನಮ್ಮ ಹುಬ್ಬಳ್ಳಿ ಕಡೆಯ ಧಾಟಿಯಲ್ಲಿ ಇಂಗ್ಲಿಷ್ ಮಾತಾಡಿದರೆ ಅದು ಪದಗಳನ್ನು ತಪ್ಪಾಗಿ ಕೇಳಿಸಿಕೊಂಡು ಅಂಕ ಕಡಿಮೆ ಕೊಡುತ್ತೆ. ಟಿಕೆಟ್ ಹಾಕಿದೆ. 'ಮುಂದಿನ ರಿಲೀಸ್‌ಗೆ ನೋಡೋಣ' ಅಂತ ಅದನ್ನು ಮುಚ್ಚಿದರು. ಅಂಕಗಳು ಮಾತ್ರ ಪ್ರತಿ ವಾರ ಹೋಗುತ್ತಲೇ ಇವೆ. ಇದು ಗೊತ್ತಿರೋ ಇಂಜಿನಿಯರು ಇದನ್ನು ಎಲ್ಲಿ ಹೇಳಬೇಕು? ಇದೇ ನನ್ನ ಪ್ರಶ್ನೆ.

ಇಂಥ ಸಭೆಗಳಿಂದ ಯಾವತ್ತಾದರೂ ಏನಾದರೂ ಆಗಿದ್ದಿದೆಯಾ ಅಂತ ಆವತ್ತು ರಾತ್ರಿ ಹುಡುಕುತ್ತಾ ಕೂತೆ. ಸಿಕ್ಕಿದ್ದು ಪಗ್ವಾಶ್.

ಕೆನಡಾದ ನೋವಾ ಸ್ಕೋಷಿಯಾದಲ್ಲಿರೋ ಒಂದು ಸಣ್ಣ ಊರು ಇದು. 1955ರಲ್ಲಿ ಬರ್ಟ್ರಂಡ್ ರಸೆಲ್ ಅಣುಬಾಂಬಿನ ವಿರುದ್ಧ ಒಂದು ಹೇಳಿಕೆ ಹೊರಡಿಸಿದರು. ಐನ್‌ಸ್ಟೈನ್ ತೀರಿಕೊಳ್ಳುವ ಕೆಲವೇ ದಿನ ಮುಂಚೆ ಅದಕ್ಕೆ ಸಹಿ ಹಾಕಿದ್ದರು. ವಿಜ್ಞಾನಿಗಳೆಲ್ಲ ಒಂದು ಕಡೆ ಕೂತು ಮಾತಾಡಬೇಕು ಅನ್ನೋದು ಅದರ ಕರೆ. ಆ ಸಭೆಯನ್ನು ದೆಹಲಿಯಲ್ಲೇ ನಡೆಸೋಣ ಅಂತ ನೆಹರೂ ಮುಂದೆ ಬಂದಿದ್ದರಂತೆ. ಅಷ್ಟರಲ್ಲಿ ಸೂಯೆಜ್ ಕಾಲುವೆಯ ಗಲಾಟೆ ಶುರುವಾಗಿ ಅದು ಕೈತಪ್ಪಿತು. ಆಮೇಲೆ ಸೈರಸ್ ಈಟನ್ ಅನ್ನೋ ಉದ್ಯಮಿ, ಖರ್ಚು ನಾನು ಕೊಡ್ತೀನಿ, ನನ್ನ ಹುಟ್ಟೂರಿಗೆ ಬನ್ನಿ ಅಂದರು. ಹಾಗೆ 1957ರ ಜುಲೈನಲ್ಲಿ ಪಗ್ವಾಶ್‌ನಲ್ಲಿ ಸೇರಿದ್ದು 22 ಜನ. ನಾನು ಹೋಗಿದ್ದ ಸೆಮಿನಾರಿನಲ್ಲಿ ಕಾಫಿ ಕೌಂಟರಿನ ಮುಂದೆ ಕ್ಯೂನಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದರು!

ಆ 22 ಜನರಲ್ಲಿ ಅಮೆರಿಕದವರಿದ್ದರು, ಸೋವಿಯತ್ ರಷ್ಯಾದವರಿದ್ದರು. ಹಿರೋಷಿಮಾ ಕಂಡ ಜಪಾನಿನಿಂದ ಯುಕಾವಾ, ತೊಮೊನಾಗಾ ಬಂದಿದ್ದರು. ಎಲ್ಲರೂ ವೈಯಕ್ತಿಕವಾಗಿ ಬಂದವರು, ಸರ್ಕಾರದ ಪ್ರತಿನಿಧಿಯಾಗಿ ಅಲ್ಲ. ಮಾತೆಲ್ಲ ಮುಚ್ಚಿದ ಬಾಗಿಲ ಹಿಂದೆ. ಸೋವಿಯತ್‌ನವರು ಪೂರ್ತಿ ಮನಬಿಚ್ಚಿ ಮಾತಾಡಿದರು ಅಂತ ನಂಬುವಷ್ಟು ಮುಗ್ಧ ನಾನಲ್ಲ. ಆದರೂ ಮೂರು ತಂಡಗಳಾಗಿ ಕೂತು ಚರ್ಚೆ ಮಾಡಿದರು. ಮೂರನೇ ತಂಡದ ವಿಷಯ ವಿಜ್ಞಾನಿಗಳ ಸಾಮಾಜಿಕ ಹೊಣೆ. ಇದನ್ನು ಓದಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ಇದನ್ನೆಲ್ಲ ಓಡಾಡಿ ನಡೆಸಿದವರು ಜೋಸೆಫ್ ರಾಟ್‌ಬ್ಲಾಟ್. ಅಣುಬಾಂಬ್ ತಯಾರಿಸುತ್ತಿದ್ದ ಮ್ಯಾನ್‌ಹಟನ್ ಯೋಜನೆಯಲ್ಲಿ ಅವರೂ ಕೆಲಸ ಮಾಡಿದ್ದರು. ಜರ್ಮನಿ ಬಾಂಬ್ ಮಾಡುತ್ತಿಲ್ಲ ಅಂತ ಗೊತ್ತಾದ ಮೇಲೆ, 1944ರ ಕೊನೆಯಲ್ಲಿ, ಕೆಲಸ ಬಿಟ್ಟು ಹೊರಟುಬಿಟ್ಟರು. ನನಗೆ ಹೋಮ್ ಲೋನ್ ಇದೆ, ಅಷ್ಟು ಧೈರ್ಯ ಇಲ್ಲ. 1963ರಲ್ಲಿ ವಾತಾವರಣದಲ್ಲಿ, ನೀರಿನೊಳಗೆ, ಬಾಹ್ಯಾಕಾಶದಲ್ಲಿ ಅಣುಪರೀಕ್ಷೆ ಮಾಡಬಾರದು ಅಂತ ಒಪ್ಪಂದವಾಯಿತಲ್ಲ, ಅದಕ್ಕೆ ದಾರಿ ಮಾಡಿಕೊಟ್ಟಿದ್ದರಲ್ಲಿ ಪಗ್ವಾಶ್ ಸಭೆಗಳ ಪಾಲೂ ಇದೆ ಅಂತಾರೆ. 1995ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ರಾಟ್‌ಬ್ಲಾಟ್ ಮತ್ತು ಪಗ್ವಾಶ್ ಇಬ್ಬರಿಗೂ ಹಂಚಿ ಕೊಟ್ಟರು. ಬಾಂಬುಗಳೇನೂ ಹೋಗಲಿಲ್ಲ, ಅದು ಬೇರೆ ಮಾತು.

ಇನ್ನೊಂದು ಸಭೆ 1975ರಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ನಡೆದದ್ದು. ಡಿಎನ್‌ಎ ಕತ್ತರಿಸಿ ಜೋಡಿಸುವ ಪ್ರಯೋಗಗಳನ್ನು ವಿಜ್ಞಾನಿಗಳು ತಾವೇ ನಿಲ್ಲಿಸಿ, ಅಲ್ಲಿ ಕೂತು ಸುರಕ್ಷತೆಯ ನಿಯಮ ಬರೆದರು. ದೊಡ್ಡ ವಿಷಯವೇ. ಆದರೆ ಅಲ್ಲಿದ್ದವರಲ್ಲಿ ಹೆಚ್ಚಿನವರು ವಿಜ್ಞಾನಿಗಳೇ, ಜನಸಾಮಾನ್ಯರಿಗೆ ಜಾಗ ಇರಲಿಲ್ಲ ಅನ್ನೋ ಟೀಕೆ ಇವತ್ತಿಗೂ ಇದೆ. ವೈಟ್‌ಫೀಲ್ಡ್ ಹೋಟೆಲಿನಲ್ಲೂ ಅಷ್ಟೇ. ವೇದಿಕೆ ಮೇಲೆ ಕಾಲ್ ಸೆಂಟರಿನವರು ಒಬ್ಬರಾದರೂ ಇದ್ದರಾ?

ಮುಂದಿನ ಭಾನುವಾರ ವಿಜಯನಗರದಲ್ಲಿ ಗೆಳೆಯನ ಮನೆ ಟೆರೇಸ್ ಮೇಲೆ ನಾವು ಏಳು ಜನ ಸೇರಿದೆವು. ಚುರುಮುರಿ, ಚಹಾ. ಫೋನೆಲ್ಲ ಒಂದು ಪಾತ್ರೆಯಲ್ಲಿ, ಮೇಲೆ ತಟ್ಟೆ ಮುಚ್ಚಿತ್ತು. ಕಂಪನಿ ಹೆಸರು ಎತ್ತೋ ಹಾಗಿಲ್ಲ. ಕೇಳಿದ ವಿಷಯ ಹೊರಗೆ ಹೇಳಬಹುದು, ಯಾರು ಹೇಳಿದ್ದು ಅಂತ ಹೇಳೋ ಹಾಗಿಲ್ಲ. ಇದು ಲಂಡನ್ನಿನ ಚಾಟಮ್ ಹೌಸ್‌ನಲ್ಲಿ 1927ರಲ್ಲಿ ಮಾಡಿದ ನಿಯಮ, ನಾವು ಹಾಗೇ ಕದ್ದೆವು. ಮೊದಲ ಅರ್ಧ ಗಂಟೆ ಟ್ರಂಪ್, ಟ್ರಾಫಿಕ್, ಅಪ್ರೈಸಲ್ ಅಂತ ವ್ಯರ್ಥವಾಯಿತು. ಆಮೇಲೆ ನಾನು ನನ್ನ ಟಿಕೆಟ್ಟಿನ ಕತೆ ಹೇಳಿದೆ.

ಯಾರೂ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಮ್ಮಲ್ಲೊಬ್ಬರು ಬಾಯಿ ಬಿಟ್ಟರು. ಅವರು ಮೂರು ವರ್ಷ ಕಾಲ್ ಸೆಂಟರಿನಲ್ಲಿ ಇದ್ದವರು ಅನ್ನೋದೇ ನನಗೆ ಗೊತ್ತಿರಲಿಲ್ಲ. 'ಅಂಕ ಕಡಿಮೆ ಬಂದ ವಾರ ನಾವು ಕಸ್ಟಮರ್ ಪ್ರಶ್ನೆಗೆ ಪೂರ್ತಿ ಉತ್ತರ ಕೊಡ್ತಾನೇ ಇರಲಿಲ್ಲ. ಜಾಸ್ತಿ ಮಾತಾಡಿದಷ್ಟೂ ಜಾಸ್ತಿ ತಪ್ಪು ಹಿಡಿಯುತ್ತೆ ಅಂತ ಭಯ. ಸಣ್ಣ ಸಣ್ಣ ವಾಕ್ಯ, ಯೆಸ್, ನೋ, ಥ್ಯಾಂಕ್ಯೂ.'

ನಾನು ಧಾಟಿಯ ಬಗ್ಗೆ ಅಷ್ಟೇ ಯೋಚನೆ ಮಾಡಿದ್ದೆ. ಹೆದರಿ ಜನ ಮಾತನ್ನೇ ಕಡಿಮೆ ಮಾಡ್ತಾರೆ, ಅದರಿಂದ ಕಸ್ಟಮರಿಗೂ ನಷ್ಟ ಅನ್ನೋದು ಹೊಳೆದಿರಲಿಲ್ಲ. ಕಂಪನಿಗೆ ಅರ್ಥ ಆಗೋ ಭಾಷೆಯೂ ಅದೇ ತಾನೇ.

ಸೋಮವಾರ ಹಳೇ ಟಿಕೆಟನ್ನು ಮತ್ತೆ ತೆರೆದು, 40 ಕಾಲ್‌ಗಳ ಉದಾಹರಣೆ ಸೇರಿಸಿ, ಈ ವಿಷಯವನ್ನೂ ಬರೆದು, ನನ್ನ ಮ್ಯಾನೇಜರ್ ಜತೆಗೆ ಅವರ ಮೇಲಿನವರನ್ನೂ ಟ್ಯಾಗ್ ಮಾಡಿದೆ. ಸಬ್ಮಿಟ್ ಒತ್ತುವಾಗ ಕೈ ಬೆವರಿತ್ತು. ಮೂರು ವಾರ ಆಯಿತು, ಸ್ಟೇಟಸ್ ಇನ್ನೂ 'ರಿವ್ಯೂನಲ್ಲಿದೆ' ಅಂತಲೇ ತೋರಿಸುತ್ತೆ. ಈ ಭಾನುವಾರ ಮತ್ತೆ ಸೇರ್ತಾ ಇದ್ದೀವಿ. ಚುರುಮುರಿ ಜವಾಬ್ದಾರಿ ಈ ಸಲ ನನ್ನದು.