ಗುರಿ ತಪ್ಪಿದರೆ ಚಳಿಯನ್ನು ದೂರಬೇಡಿ

ಕೈಲು ಮುಹೂರ್ತಕ್ಕೆ ಸರಿಯಾಗಿ ಹೊಡೆದ ಕೋವಿ ಪುತ್ತರಿ ಹೊತ್ತಿಗೆ ಗುರಿ ತಪ್ಪಿತು ಅಂದ್ರೆ ನಮ್ಮಲ್ಲಿ ತಯಾರಿರುವ ಉತ್ತರ ಒಂದೇ: ‘ಚಳಿಗೆ ಮದ್ದು ಸತ್ತಿದೆ.’ ಏಪ್ರಿಲ್‌ನಲ್ಲಾದರೆ ‘ಬಿಸಿಲಿಗೆ ನಳಿಗೆ ಹಿಗ್ಗಿದೆ.’ ಬಾಯಿಯಿಂದ ಮದ್ದು ತುಂಬುವ ಹಳೇ ಕೇಪಿನ ಕೋವಿ ಇರುವ ಮನೆಗಳಲ್ಲಿ ಈ ಮಾತು ಜಾಸ್ತಿ. ನನ್ನ ಪ್ರಕಾರ ಇದರಲ್ಲಿ ಸತ್ಯ ಕಡಿಮೆ. ಬರೀ ನೆಪವಾಗಿದ್ದರೆ ಬಿಡಬಹುದಿತ್ತು. ಇದನ್ನು ನಂಬಿ ಮಾಡುವ ಉಪಾಯಗಳು ಕೈಬೆರಳಿಗೇ ಸಂಚಕಾರ.

ಮೊದಲು ಲೆಕ್ಕ ನೋಡೋಣ. ನಮ್ಮ ಚಳಿಗಾಲದ ಬೆಳಗಿಗೂ ಬೇಸಿಗೆಯ ಮಧ್ಯಾಹ್ನಕ್ಕೂ ಹೆಚ್ಚೆಂದರೆ 20 ಡಿಗ್ರಿ ವ್ಯತ್ಯಾಸ. ಚಳಿಯಲ್ಲಿ ಗಾಳಿ ಶೇಕಡಾ 7ರಷ್ಟು ದಟ್ಟವಾಗುತ್ತದೆ, ಗುಂಡಿಗೆ ತಡೆ ಸ್ವಲ್ಪ ಹೆಚ್ಚುತ್ತದೆ, ನಿಜ. ಆದರೆ ನೂರಡಿ ದೂರದ ತೆಂಗಿನಕಾಯಿಯಲ್ಲಿ ಇದರಿಂದ ಆಗುವ ಏರುಪೇರು ಒಂದು ಅಕ್ಕಿಕಾಳಿನ ದಪ್ಪವೂ ಇಲ್ಲ. ನಳಿಗೆ ಹಿಗ್ಗುವುದೂ ಹಾಗೇ. ಕಬ್ಬಿಣ 60 ಡಿಗ್ರಿ ಹೆಚ್ಚು ಕಾದರೂ ನಳಿಗೆಯ ಬಾಯಿ ದೊಡ್ಡದಾಗುವುದು ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲು. ಕರಿಮದ್ದು ಕೂಡ ನಮ್ಮ ಚಳಿಗೆ ಹೆದರುವ ವಸ್ತುವಲ್ಲ.

ಹಾಗಾದ್ರೆ ಗುರಿ ತಪ್ಪೋದು ಯಾಕೆ? ಕಾರಣ ಪಸೆ ಮತ್ತು ಮಸಿ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆಯಲ್ಲಿ ಮತ್ತು ನಳಿಗೆಯಲ್ಲಿ ಮಸಿ, ಉಪ್ಪಾಗಿ ಉಳಿಯುತ್ತದೆ. ಮಳೆ, ಮಂಜಿನಲ್ಲಿ ಈ ಉಪ್ಪು ನೀರು ಕುಡಿದು ಲೋಳೆಯಾಗುತ್ತದೆ. ಒಣ ಬಿಸಿಲಲ್ಲಿ, ಕಾದ ನಳಿಗೆಯಲ್ಲಿ ಸುಟ್ಟು ಗಟ್ಟಿಯಾಗುತ್ತದೆ. ಒಂದೊಂದು ಈಡಿಗೂ ನಳಿಗೆಯ ಒಳಮೈ ಬದಲಾದರೆ ಗುಂಡು ಒಂದೇ ಕಡೆ ಹೋಗುವುದು ಹೇಗೆ? ಇದರ ಜೊತೆಗೆ ಮರದ ಹಿಡಿ. ಮಳೆಗಾಲದಲ್ಲಿ ಮನೆಬಾಗಿಲು ಉಬ್ಬಿ ಬಿಗಿಯಾಗುವ ಹಾಗೆ ಅದೂ ಉಬ್ಬಿ ನಳಿಗೆಯನ್ನು ಒತ್ತುತ್ತದೆ. ಅಂದರೆ ಹವೆಯ ಪ್ರಭಾವ ಇದೆ, ಆದರೆ ಬಹುಪಾಲು ನೀರಿನ ದಾರಿಯಿಂದ.

ಈಗ ಉಪಾಯಗಳ ವಿಷಯ. ‘ಚಳಿ ಇದೆ, ಒಂದು ಚಿಟಿಕೆ ಜಾಸ್ತಿ ಹಾಕು’ ಅನ್ನುವವರಿದ್ದಾರೆ. ಅಜ್ಜನ ಕಾಲದ, ಒಳಗೆ ತುಕ್ಕು ತಿಂದ ನಳಿಗೆಗೆ ಈ ಚಿಟಿಕೆ ಬೇಡ. ಕೆಲವರು ಮದ್ದನ್ನು ಒಲೆ ಹತ್ತಿರ ಇಟ್ಟು ಬೆಚ್ಚಗೆ ಮಾಡುತ್ತಾರೆ. ಏಲಕ್ಕಿ ಒಣಗಿಸಿದ ಹಾಗೆ ಒಣಗಿಸುವ ವಸ್ತುವೇ ಅದು? ಪಸೆ ಹಿಡಿದ ಮದ್ದು ಉಪಯೋಗಕ್ಕೆ ಬಾರದು ಅಂತ ಬಿಟ್ಟುಬಿಡಬೇಕು. ಇನ್ನೊಂದು, ಮಸಿ ಕಟ್ಟಿದ ನಳಿಗೆಯಲ್ಲಿ ಗುಂಡು ಅರ್ಧಕ್ಕೆ ನಿಂತರೂ ಈಡು ಹೊಡೆಯುವುದು. ಗುಂಡಿಗೂ ಮದ್ದಿಗೂ ನಡುವೆ ಜಾಗ ಉಳಿದರೆ ನಳಿಗೆ ಸಿಡಿಯಬಹುದು. ಸರಿಯಾಗಿ ತುಂಬಿದಾಗ ಗಜಕೋಲು ಎಲ್ಲಿಗೆ ನಿಲ್ಲುತ್ತದೋ ಅಲ್ಲಿ ಒಂದು ಗೆರೆ ಹಾಕಿಟ್ಟುಕೊಳ್ಳಿ. ಗೆರೆ ಮೇಲೆ ನಿಂತರೆ ಹೊಡೆಯಬೇಡಿ.

ಕೇಪು ಹೊಡೆದೂ ಈಡು ಹಾರದಿದ್ದರೆ ಮಂಜಿನ ದಿನ ಅದು ತಡವಾಗಿ ಹಾರುವುದೂ ಉಂಟು. ಬಾಯಿಯನ್ನು ಜನರಿಲ್ಲದ ಕಡೆ ಹಿಡಿದು ಒಂದೆರಡು ನಿಮಿಷ ಕಾಯಲೇಬೇಕು. ಬಗ್ಗಿ ನೋಡಬಾರದು. ಅದಕ್ಕೇ ಹೇಳುವುದು, ಮಳೆಯಲ್ಲಿ ಇಂಥ ಕೋವಿಯ ಸದ್ದನ್ನೇ ನಂಬಿ ಗದ್ದೆಗೆ ಇಳಿದ ಆನೆಯ ಎದುರು ನಿಲ್ಲಬೇಡಿ.

ತೊಳೆಯುವುದಕ್ಕೆ ಬಿಸಿನೀರೇ ಮದ್ದು. ಮಸಿಯ ಉಪ್ಪು ನೀರಿಗೆ ಕರಗುತ್ತದೆ, ಸೀಮೆಎಣ್ಣೆಗೆ ಕರಗದು. ಹೊಡೆದ ದಿನವೇ ತೊಳೆದು, ಬಟ್ಟೆಯಿಂದ ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ. ಮತ್ತೆ ತುಂಬುವ ಮುಂಚೆ ಆ ಎಣ್ಣೆ ಒರೆಸಬೇಕು, ಇಲ್ಲದಿದ್ದರೆ ಕೇಪಿನ ತೂತು ಕಟ್ಟಿಕೊಳ್ಳುತ್ತದೆ.

ಹಬ್ಬ, ಸ್ಪರ್ಧೆ ನಡೆಸುವವರಿಗೆ ನನ್ನ ಸಲಹೆ ಇಷ್ಟೇ. ಕೇಪಿನ ಕೋವಿಯವರಿಗೆ ಪ್ರತಿ ಈಡಿನ ನಂತರ ನಳಿಗೆ ಒರೆಸಲು ಜಾಗ, ಸಮಯ ಕೊಡಿ. ಮದ್ದಿನ ಡಬ್ಬಿಯಿಂದ ನೇರ ನಳಿಗೆಗೆ ಸುರಿಯಲು ಬಿಡಬೇಡಿ. ಒಳಗೆ ಒಂದು ಕಿಡಿ ಉಳಿದಿದ್ದರೆ ಡಬ್ಬಿಯೇ ಸಿಡಿಯುತ್ತದೆ. ಒಂದೊಂದು ಈಡಿನ ಅಳತೆ ಬೇರೆ ಬೇರೆಯಾಗಿ ಕಟ್ಟಿ ತರಲಿ. ‘ಹೊತ್ತಾಗುತ್ತದೆ’ ಅನ್ನಬಹುದು. ಆಗಲಿ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಿಗೆ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷಕ್ಕೆ, 2029ರ ಅಕ್ಟೋಬರ್ 31ರವರೆಗೆ, ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯಲ್ಲಿ 2021ರಲ್ಲಿ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಮುಂದಿನ ಸಲ ನಮ್ಮ ಪರ ಮಾತಾಡಬೇಕಾದ್ದು ಹಳೇ ದಾಖಲೆ ಮಾತ್ರ ಅಲ್ಲ, ನಾವು ಕೋವಿ ಹಿಡಿದ ರೀತಿಯೂ ಹೌದು. ಒಬ್ಬನ ಅವಸರದಿಂದ ಒಂದು ನಳಿಗೆ ಸಿಡಿದರೆ ಚಳಿಯನ್ನು ಯಾರೂ ಕೇಳುವುದಿಲ್ಲ, ಕೇಳುವುದು ನಮ್ಮನ್ನೇ.