ಎರಡು ಬಾರಿ ಬಿಡದ ಹುದ್ದೆ

ಶತ್ರುವಿನ ಗುಂಡಿಗಿಂತಲೂ ಕಠಿನವಾದ ಪರೀಕ್ಷೆಗಳು ಸೈನಿಕನ ಬಾಳಿನಲ್ಲಿ ಉಂಟು. ಮಡಿಕೇರಿಯಲ್ಲಿ ೧೯೦೬ರಲ್ಲಿ ಜನಿಸಿದ ಜನರಲ್ ತಿಮ್ಮಯ್ಯನವರಿಗೆ ಅಂಥ ಪರೀಕ್ಷೆ ಎರಡು ಬಾರಿ ಒದಗಿತು.

ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಯುದ್ಧವಿದ್ಯೆ ಕಲಿತು ಅವರು ಅಧಿಕಾರಿಯಾದದ್ದು ೧೯೨೬ರಲ್ಲಿ. ದೇಶಬಾಂಧವರು ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಸೇರುತ್ತಿರುವಾಗ ತಾವು ಆಂಗ್ಲರ ಸಮವಸ್ತ್ರ ತೊಟ್ಟಿರುವುದು ಸರಿಯೆ? ೧೯೩೦ರ ಸುಮಾರಿಗೆ ಅಲಹಾಬಾದಿನಲ್ಲಿದ್ದಾಗ ಈ ಸಂದೇಹವನ್ನು ಮೋತೀಲಾಲ ನೆಹರೂ ಅವರ ಮುಂದಿಟ್ಟರು. ಬಿಡಬೇಡಿರೆಂದರು ಮೋತೀಲಾಲರು. ಸೈನ್ಯದಲ್ಲಿ ಭಾರತೀಯರಿಗೆ ಅಧಿಕಾರ ದೊರೆಯಲೆಂದು ವರ್ಷಗಟ್ಟಲೆ ಹೋರಾಡಿ ಪಡೆದ ಸ್ಥಾನವನ್ನು ತಾವಾಗಿಯೇ ತೊರೆದರೆ ಹಿಗ್ಗುವವರು ಆಂಗ್ಲರೇ ಅಲ್ಲವೆ?

ಆ ಹಿತವಚನದ ಬೆಲೆ ೧೯೪೮ರ ನವೆಂಬರ್ ೧ರಂದು ತಿಳಿಯಿತು. ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆಮಾರ್ಗಕ್ಕೆ ಟ್ಯಾಂಕುಗಳನ್ನು ಹತ್ತಿಸಿ, ತಾವೇ ಮುಂಚೂಣಿಯಲ್ಲಿದ್ದು, ಲಡಾಖಿನ ದಾರಿಯನ್ನು ತೆರೆದವರು ತಿಮ್ಮಯ್ಯನವರು.

೧೯೫೭ರಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರೊಡನೆ ವಿರಸ ಬೆಳೆದು ೧೯೫೯ರಲ್ಲಿ ರಾಜೀನಾಮೆಯನ್ನಿತ್ತರು. ಈ ಸಲ ತಡೆದವರು ಮೋತೀಲಾಲರ ಮಗ, ಪ್ರಧಾನಿ ಜವಾಹರಲಾಲರು! ತಿಮ್ಮಯ್ಯನವರು ಪತ್ರವನ್ನು ಹಿಂತೆಗೆದುಕೊಂಡರು. ಆದರೆ ಪ್ರಧಾನಿಗಳು ಸಂಸತ್ತಿನಲ್ಲಿ ಅವರ ನಡೆಯನ್ನೇ ಆಕ್ಷೇಪಿಸಿದರು. ೧೯೬೧ರಲ್ಲಿ ನಿವೃತ್ತಿ, ಮರುವರ್ಷವೇ ಚೀನದ ಆಕ್ರಮಣ.

ತಂದೆಯ ಮಾತನ್ನು ಮನ್ನಿಸಿ ಉಳಿದುದರಿಂದ ದೇಶಕ್ಕೆ ಒಬ್ಬ ದಳಪತಿ ದಕ್ಕಿದನು. ಮಗನ ಮಾತನ್ನು ಮನ್ನಿಸಿ ಉಳಿದುದರಿಂದ ದಕ್ಕಿದ್ದೇನು? ತಮ್ಮ ಮಾತಿನ ತೂಕವೇ ತಗ್ಗಿದ ಎರಡು ವರ್ಷ. ಆದರೂ ಕರ್ತವ್ಯ ಕರೆದಾಗ ಅವರು ಹಿಂಜರಿಯಲಿಲ್ಲ. ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸುತ್ತಿದ್ದಾಗಲೇ, ೧೯೬೫ರ ಡಿಸೆಂಬರಿನಲ್ಲಿ, ಕಣ್ಮುಚ್ಚಿದರು.