ಅಚ್ಚಾದದ್ದೆಲ್ಲ ಹಕ್ಕುಪತ್ರವಲ್ಲ!



ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಚಿತ್ರದುರ್ಗದಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಇವೇ ನನ್ನ ಅನ್ನ. ಜೊತೆಗೆ ಸೈಟು ಮಾರುವವರ ಬಣ್ಣದ ಕರಪತ್ರ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಿಂದಲೂ ಬಂದು ಅಚ್ಚು ಹಾಕಿಸುತ್ತಾರೆ. ಪುಟದ ತುಂಬ ಇಂಗ್ಲಿಷು. ಅವರು ಕೊಟ್ಟದ್ದನ್ನು ಓದದೆ ಅಚ್ಚು ಹಾಕಿ ದುಡ್ಡು ಎಣಿಸಿಕೊಂಡವನು ನಾನು.

ಕೆಲವು ವರ್ಷಗಳ ಹಿಂದೆ ಅಂಥದ್ದೊಂದು ಕರಪತ್ರ ಹಿಡಿದು ಒಬ್ಬರು ನನ್ನ ಮೇಜಿನ ಮುಂದೆ ನಿಂತರು. ಅಡಿಕೆ ಮಂಡಿಯಲ್ಲಿ ಮೂಟೆ ಹೊತ್ತು ಕೂಡಿಸಿದ ದುಡ್ಡಿಗೆ ಹೆಂಡತಿಯ ಸರ ಅಡವಿಟ್ಟ ದುಡ್ಡು ಸೇರಿಸಿ 30-40ರ ಸೈಟು ತಗೊಂಡಿದ್ದರು. ಪಾಯ ತೆಗೆಯಲು ಹೋದರೆ ಪಂಚಾಯ್ತಿಯಲ್ಲಿ ಪರವಾನಗಿ ಸಿಗಲಿಲ್ಲ. ಪಹಣಿ ತೆಗೆಸಿ ನೋಡಿದರೆ ಅದಿನ್ನೂ ರಾಗಿ ಬೆಳೆಯುವ ಹೊಲ! ಮಾರಿದವನ ಫೋನು ಬಂದ್. ಅವರು ನನ್ನನ್ನು ಬೈಯಲಿಲ್ಲ. ಇಷ್ಟೇ ಹೇಳಿದರು:

“ಅಣ್ಣಾ, ನಂಗೆ ಇಂಗ್ಲಿಷ್ ಬರಲ್ಲ. ಕೊನೇ ಸಾಲಿನಾಗೆ ನಿಮ್ಮ ಪ್ರೆಸ್ಸಿನ ಹೆಸರು ಮಾತ್ರ ಕನ್ನಡದಾಗಿತ್ತು. ಅದನ್ನ ನೋಡೇ ನಂಬಿದ್ದು.”

ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಈಗ ಕಟ್ಟುವ ಮಾತಿರಲಿ, ಕೊಳ್ಳುವುದೇ ಕಷ್ಟ. ಜೀವಮಾನದಲ್ಲಿ ಒಂದೇ ಸಲ ಮಾಡುವ ವ್ಯಾಪಾರವನ್ನು ನಮ್ಮ ಜನ ತಮಗೆ ಬಾರದ ಭಾಷೆಯಲ್ಲಿ ಮಾಡುತ್ತಿದ್ದಾರಲ್ಲ, ಇದು ಯಾವ ನ್ಯಾಯ?

ನಮ್ಮ ತಾಲ್ಲೂಕುಗಳಲ್ಲಿ ಕ್ರಯಪತ್ರ ಹೆಚ್ಚಾಗಿ ಕನ್ನಡದಲ್ಲೇ ಇರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಅಷ್ಟಭೋಗಗಳನ್ನೂ ಎಣಿಸಿ, ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆದು ಕೊಡುತ್ತಿದ್ದ ಭಾಷೆ ನಮ್ಮದು. 1908ರ ನೋಂದಣಿ ಕಾಯ್ದೆಯ 19ನೇ ಕಲಮು ಕೂಡ ಹೇಳುವುದೇನು? ನೋಂದಣಾಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಬಳಕೆಯಿಲ್ಲದ ಭಾಷೆಯಲ್ಲಿ ಪತ್ರ ತಂದರೆ, ಜಿಲ್ಲೆಯ ಭಾಷೆಗೆ ಮಾಡಿದ ಅನುವಾದವಿಲ್ಲದೆ ನೋಂದಾಯಿಸಬಾರದು ಎಂದು. ಅಧಿಕಾರಿಗೆ ಅರ್ಥವಾಗಬೇಕು ಸರಿ. ದುಡ್ಡು ಕೊಡುವವನಿಗೆ ಅರ್ಥವಾಗುವುದು ಬೇಡವೇ? ಕ್ರಯಪತ್ರಕ್ಕೆ ಮುಂಚಿನ ಕರಪತ್ರ, ಕರಾರು, ಬ್ಯಾಂಕಿನ ಸಾಲದ ಕಾಗದ, ಎಲ್ಲ ಇಂಗ್ಲಿಷಿನಲ್ಲಿ. ಮುಂಗಡ ಸಿಕ್ಕಿಬೀಳುವುದು ಅಲ್ಲಿಯೇ!

ಆಮೇಲೆ ನಾನು ವಕೀಲರ ಬಳಿ ಕೂತು ಕಲಿತದ್ದನ್ನು ಬರೆಯುತ್ತೇನೆ. ಕತ್ತರಿಸಿ ಇಟ್ಟುಕೊಳ್ಳಿ.

ಒಂದು: ರಿಜಿಸ್ಟರ್ ಆಯಿತೆಂದ ಮಾತ್ರಕ್ಕೆ ಮಾರಿದವನಿಗೆ ಹಕ್ಕಿತ್ತು ಎಂದಲ್ಲ. ಅವನಿಗಿಲ್ಲದ ಹಕ್ಕು ನಿಮಗೆ ಬರುವುದಿಲ್ಲ. ಖಾತೆ ಇರುವುದು ಕಂದಾಯಕ್ಕೆ, ಅದೇ ಹಕ್ಕುಪತ್ರವಲ್ಲ. ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಅಣ್ಣತಮ್ಮಂದಿರ ಬಾಯಿಮಾತಿನ ಪಾಲು, ಮನೆಯ ಜಗಳ ಅದರಲ್ಲಿ ಕಾಣುವುದಿಲ್ಲ. ಮೂವತ್ತು ವರ್ಷದ ಕಾಗದ ನೋಡಿ, ಊರಿನಲ್ಲೂ ವಿಚಾರಿಸಿ.

ಎರಡು: ಹೊಲ ಸೈಟಾಗಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗಿರಬೇಕು. ಅದಷ್ಟೇ ಸಾಲದು, ಬಡಾವಣೆಯ ನಕ್ಷೆಗೂ ಅನುಮೋದನೆ ಬೇಕು. “ಆಗುತ್ತೆ, ಫೈಲು ಮೇಜಿನ ಮೇಲಿದೆ” ಎಂದರೆ ಮುಂಗಡವೂ ನಿಮ್ಮ ಜೇಬಿನಲ್ಲೇ ಇರಲಿ.

ಮೂರು: ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನೇ ಕೇಳಿ. ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯಂತೆ ಆ ಕ್ರಯ ನಿಲ್ಲುವುದಿಲ್ಲ. ಈ ಕಾಯ್ದೆಯಡಿ ಕೇಳಲು ಕಾಲಮಿತಿಯಿಲ್ಲ ಎನ್ನುತ್ತದೆ 2023ರ ತಿದ್ದುಪಡಿ. ಕಾಯ್ದೆ ಸರಿಯಾಗಿಯೇ ಇದೆ. ಬಡವನ ಭೂಮಿ ಬಡವನಿಗೇ ಉಳಿಯಬೇಕು. ಆದರೆ ನಡುವಿನವನು ಅದನ್ನು ಮುಚ್ಚಿಟ್ಟು ಇನ್ನೊಬ್ಬ ಬಡವನಿಗೆ ಮಾರುತ್ತಾನಲ್ಲ, ಅವನನ್ನು ಕೇಳುವವರಾರು?

ನಾಲ್ಕು: ರೇರಾ ಎಂಬ 2016ರ ಕಾಯ್ದೆ ಇದೆ. ಯೋಜನಾ ಪ್ರದೇಶದಲ್ಲಿ 500 ಚದರ ಮೀಟರ್ ಮೀರಿದ ಬಡಾವಣೆಗೆ, ಎಂದರೆ ಹೆಚ್ಚುಕಡಿಮೆ ಐದು ಗುಂಟೆ ದಾಟಿದರೆ, ನೋಂದಣಿ ಬೇಕು. ಆ ನೋಂದಣಿ ಸಂಖ್ಯೆ ಜಾಹೀರಾತಿನಲ್ಲಿ ಎದ್ದು ಕಾಣಬೇಕು. ಕರಾರು ನೋಂದಣಿಯಾಗುವ ಮೊದಲು ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕೀಳುವಂತಿಲ್ಲ. ಕರಪತ್ರದ ಸುಳ್ಳು ನಂಬಿ ಕೊಂಡವನು ಪರಿಹಾರ ಕೇಳಬಹುದು. ಆದ್ದರಿಂದ ಕರಪತ್ರ ಬಿಸಾಡಬೇಡಿ, ಅದೂ ಒಂದು ಸಾಕ್ಷಿ!

ಐದು: ನೆಲ ನೋಡಿ. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡು ಇದೆ. ಬೋರಿನ ನೀರು ಪರೀಕ್ಷೆ ಮಾಡಿಸಿ. ಹಳ್ಳ, ಕೆರೆಯಂಗಳ ಎಲ್ಲಿತ್ತೆಂದು ಊರಿನ ಮುದುಕರನ್ನು ಕೇಳಿ. ಹಿರಿಯೂರಿನ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. 89 ವರ್ಷ! ಮನುಷ್ಯ ಮರೆಯುತ್ತಾನೆ, ನೀರು ತನ್ನ ದಾರಿ ಮರೆಯುವುದಿಲ್ಲ.

ದಲ್ಲಾಳಿ ಅಣ್ಣಂದಿರಿಗೂ ಒಂದು ಮಾತು. ನೀವೂ ನಮ್ಮವರೇ. ಸೈಟಿನ ದೋಷವನ್ನು ಮುಂಗಡಕ್ಕೆ ಮೊದಲೇ ಹೇಳಿ. ಒಂದು ವ್ಯಾಪಾರ ಹೋಗಬಹುದು, ಆದರೆ ಕೊಂಡವನು ನಾಳೆ ಸಂತೆಯಲ್ಲಿ ಸಿಕ್ಕರೆ ತಲೆ ತಪ್ಪಿಸಿಕೊಂಡು ಓಡಾಡಬೇಕಿಲ್ಲ. ಗೃಹಪ್ರವೇಶದಲ್ಲಿ ಪಾಯಸ ಬಡಿಸಿಕೊಂಡ ದಲ್ಲಾಳಿಯನ್ನು ನಾಲ್ಕು ಜನ ಹುಡುಕಿಕೊಂಡು ಬರುತ್ತಾರೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಕರಪತ್ರ, ಕರಾರು, ಸಾಲದ ಕಾಗದ ಕನ್ನಡದಲ್ಲಿರಲಿ. ಸಹಿಗೆ ಮುಂಚೆ ಅದನ್ನು ಮನೆಗೆ ಒಯ್ದು ಓದಲು ಒಂದು ರಾತ್ರಿ ಬಿಡಲಿ. ಉಪನೋಂದಣಿ ಕಚೇರಿಯ ಗೋಡೆಯ ಮೇಲೆ ಈ ಐದು ಮಾತು ದಪ್ಪಕ್ಷರದಲ್ಲಿರಲಿ. ಪುಕ್ಕಟೆ ಅಚ್ಚು ಹಾಕಿಕೊಡಲು ನಾನಿದ್ದೇನೆ. ಭೂಪರಿವರ್ತನೆಯ ಆದೇಶ, ನಕ್ಷೆಯ ಅನುಮೋದನೆ, ರೇರಾ, ಇವುಗಳ ಸಂಖ್ಯೆ ಕನ್ನಡದಲ್ಲಿಲ್ಲದ ಯಾವ ಸೈಟಿನ ಕರಪತ್ರವನ್ನೂ ಈಗ ನಾನು ಮುಟ್ಟುವುದಿಲ್ಲ. ಗಿರಾಕಿ ಕಡಿಮೆಯಾಗಿದ್ದಾರೆ. ಊಟ ಮಾತ್ರ ಸೇರುತ್ತಿದೆ.

ನಮ್ಮ ಏಳು ಸುತ್ತಿನ ಕೋಟೆಗೂ ಒಂದು ಕಿಂಡಿ ಇತ್ತು. ಶತ್ರು ನುಗ್ಗಿದ್ದು ಅಲ್ಲಿಂದಲೇ. ಓಬವ್ವ ಒನಕೆ ಹಿಡಿದು ನಿಂತದ್ದೂ ಅಲ್ಲಿಯೇ. ನಿಮ್ಮ ಸೈಟಿನ ಕಾಗದದಲ್ಲೂ ಎಲ್ಲೋ ಒಂದು ಕಿಂಡಿ ಇರುತ್ತದೆ. ಸಹಿ ಹಾಕುವ ಮೊದಲು ಹುಡುಕಿ. ತಿಳಿಯದಿದ್ದರೆ “ಕನ್ನಡದಲ್ಲಿ ಕೊಡಿ” ಎಂದು ಗಟ್ಟಿಯಾಗಿ ಕೇಳಿ. ಕೇಳಲು ನಾಚಿಕೆ ಬೇಡ. ಕೊಡದವನಿಗೆ ನಾಚಿಕೆಯಾಗಲಿ!